ಕಲ್ಲಿನ ಸುತ್ತ ಬಿಟ್ಟ ಹುಲ್ಲು

ಹುಲ್ಲು ಕೊಯ್ಯುವ ಯಂತ್ರ ಕೊಳ್ಳುವುದಕ್ಕೆ ಕೋರ್ಟು ನಡೆಸಿದ ಮನುಷ್ಯ ಈ ಭೂಮಿಯ ಮೇಲೆ ಜಡ್ಜ್ ಸಾಹೇಬರೊಬ್ಬರೇ ಇರಬೇಕು. ಮೂವತ್ತು ವರ್ಷ ಪೀಠದ ಮೇಲೆ ಕೂತವರು ನಿವೃತ್ತಿಯಾದ ತಕ್ಷಣ ಸುಮ್ಮನಾಗುತ್ತಾರೆಯೇ? ಊರಾಚೆ ಮೂವತ್ತೆಂಟು ಎಕರೆ ಹುಲ್ಲುಗಾವಲು, ಅದರ ತಲೆಯ ಮೇಲೊಂದು ದೊಡ್ಡ ಮನೆ, ಕೆಳಗೆ ಗೇಟಿನ ಪಕ್ಕ ಎರಡು ಕೋಣೆಯ ಚಿಕ್ಕ ಮನೆ, ಎಲ್ಲವನ್ನೂ ಒಟ್ಟಿಗೆ ಕೊಂಡರು. ಬಾವಿ ಕೊಂಡರೆ ರಾಟೆ ಬಂದ ಹಾಗೆ ಚಿಕ್ಕ ಮನೆಯ ಜೊತೆ ಅದರೊಳಗಿದ್ದ ಗಂಡ ಹೆಂಡತಿಯೂ ಬಂದರು.

ಗಂಡನನ್ನು ಎಲ್ಲರೂ ಗರಿಕೆ ಎನ್ನುತ್ತಿದ್ದರು. ಎಷ್ಟು ತುಳಿದರೂ ಮತ್ತೆ ತಲೆಯೆತ್ತುತ್ತಾನೆ ಅಂತ ಹಳೆಯ ಯಜಮಾನ ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಆ ಮೂವತ್ತೆಂಟು ಎಕರೆಯನ್ನು ಉದ್ದ ಹಿಡಿಯ ಕುಡುಗೋಲು ಹಿಡಿದು, ನಿಂತ ನಿಲುವಿನಲ್ಲೇ ಬೀಸಿ ಬೀಸಿ ಕೊಯ್ಯುತ್ತಿದ್ದವನು ಅವನು. ಗೇಟಿನ ಕಡೆಯಿಂದ ಶುರುಮಾಡಿ ದೊಡ್ಡ ಮನೆಯ ಮುಂದಿನ ಇಳಿಜಾರು ಮುಗಿಸುವ ಹೊತ್ತಿಗೆ ಗೇಟಿನ ಕಡೆಯ ಹುಲ್ಲು ಮೊಣಕಾಲಿಗೆ ಬಂದಿರುತ್ತಿತ್ತು. ಹೆಂಡತಿ ಗೇಟು ತೆಗೆದು ಹಾಕುವವಳು, ಆದ್ದರಿಂದ ಗೇಟಮ್ಮ. ಗಂಡನ ಕೈಯಲ್ಲಿ ಕುಡುಗೋಲಿದ್ದರೆ ಇವಳ ಬಾಯಲ್ಲಿ ಅದಕ್ಕಿಂತ ಹರಿತವಾದದ್ದೊಂದು ಇತ್ತು.

ಆ ಹುಲ್ಲುಗಾವಲಿನ ಗುಟ್ಟು ಒಂದೇ. ಎಂದೋ ಬಿದ್ದುಹೋದ ಹಳೆಯ ಗೋಡೆಯ ಕಲ್ಲುಗಳು ನೆಲದಲ್ಲಿ ಅರ್ಧ ಹೂತು, ಅರ್ಧ ಮೇಲೆದ್ದು ಹುಲ್ಲಿನೊಳಗೆ ಅಡಗಿದ್ದವು. ಒಟ್ಟು ನಲವತ್ತೆರಡು. ಅಲಗು ತಾಕಿದರೆ ಆ ದಿನದ ಕೆಲಸ ಅಲ್ಲಿಗೆ ಖಲಾಸ್. ಹಾಗಾಗಿ ಗರಿಕೆ ಪ್ರತಿ ಕಲ್ಲಿನ ಸುತ್ತ ಒಂದು ಮೊಳ ಹುಲ್ಲನ್ನು ಕೊಯ್ಯದೆ ಜುಟ್ಟಿನ ಹಾಗೆ ಬಿಡುತ್ತಿದ್ದ. ಜುಟ್ಟು ಕಂಡರೆ ಕಲ್ಲು ಅಂತ ಲೆಕ್ಕ. ನಡೆಯುವಾಗಲೂ ಅವನ ಕಾಲುಗಳು ತಾವಾಗಿಯೇ ಅವುಗಳನ್ನು ಬಳಸಿ ಹೋಗುತ್ತಿದ್ದವು.

ಸಾಹೇಬರಿಗೆ ಆ ಜುಟ್ಟುಗಳನ್ನು ಕಂಡರೆ ಮೈಯೆಲ್ಲ ಉರಿ.

"ಇದೇನಯ್ಯ, ಕ್ಷೌರ ಮಾಡುವಾಗ ಕರೆಂಟು ಹೋದ ಹಾಗಿದೆ!"

"ಸಾಹೇಬ್ರೇ, ಅದು ಯಾಕೆ ಅಂದ್ರೆ..."

"ಕೇಳಿದ್ದಕ್ಕೆ ಮಾತ್ರ ಉತ್ತರ. ಅಲ್ಲಿ ಹುಲ್ಲು ಬಿಟ್ಟಿದೀಯೋ ಇಲ್ಲವೋ?"

"ಬಿಟ್ಟಿದೀನಿ, ಆದ್ರೆ..."

"ಹೌದೋ ಇಲ್ಲವೋ?"

"ಹೌದು."

"ಬಿಡು ಅಂತ ನಾನು ಹೇಳಿದ್ನಾ?"

"ಇಲ್ಲ."

"ಮುಗೀತು. ಹೋಗು."

ಮೂರು ವರ್ಷದಲ್ಲಿ ಗರಿಕೆ ಆ ಮನುಷ್ಯನ ಮುಂದೆ ಒಂದೇ ಒಂದು ವಾಕ್ಯವನ್ನು ಪೂರ್ತಿ ಆಡಿ ಮುಗಿಸಿದ್ದಿಲ್ಲ. ಸಾಕ್ಷಿಯನ್ನು ಮಾತಾಡಲು ಬಿಟ್ಟರೆ ಕೇಸು ಕೆಡುತ್ತದೆ ಎಂಬುದು ಸಾಹೇಬರ ಸಿದ್ಧಾಂತ. ಜೀವಮಾನವಿಡೀ ಹೀಗೇ ಸತ್ಯ ಹುಡುಕಿದವರು, ಇನ್ನು ಈ ವಯಸ್ಸಿಗೆ ಬದಲಾಗುತ್ತಾರೆಯೇ!

ಒಂದು ದಿನ ಜಗಲಿಗೆ ಕರೆದು ಹೇಳಿದರು: "ಯಂತ್ರ ತಗೋಬೇಕು ಅಂತಿದೀನಿ. ಮೂರು ಕಂಪನಿಗೆ ಬರೆದಿದೀನಿ. ಮುಂದಿನ ತಿಂಗಳು ವಾರಕ್ಕೊಬ್ಬರ ಹಾಗೆ ಗುರುವಾರ ಗುರುವಾರ ಬಂದು ಈ ಇಳಿಜಾರಲ್ಲಿ ಓಡಿಸಿ ತೋರಿಸ್ತಾರೆ. ಮೂವರಲ್ಲಿ ಒಬ್ಬ ಗೆದ್ದರೂ ನಿನಗೆ ಇಲ್ಲಿ ಕೆಲಸ ಇಲ್ಲ, ಗೇಟಿನ ಮನೆ ಖಾಲಿ ಮಾಡು. ಯಂತ್ರ ನಿಲ್ಲಿಸೋಕೆ ಜಾಗ ಬೇಕು. ಮೂವರೂ ಸೋತರೆ ನೀನು ಸಾಯೋ ತನಕ ಇರು, ಕೇಳೋಲ್ಲ. ನ್ಯಾಯ ಅಂದ್ರೆ ನ್ಯಾಯ. ಆಮೇಲೆ ಆ ಜುಟ್ಟುಗಳು. ಬಂದವರ ಮುಂದೆ ನನ್ನ ಮರ್ಯಾದೆ ಹೋಗಬಾರದು. ಇವತ್ತೇ ಎಲ್ಲ ಬೋಳಿಸು. ಬೋಳಿಸ್ತೀಯೋ ಇಲ್ಲವೋ?"

"ಸಾಹೇಬ್ರೇ, ಅದರೊಳಗೆ..."

ಮೇಜಿನ ಮೇಲಿನ ಗಂಟೆಯನ್ನು ಸಾಹೇಬರು ಠಣ್ ಎಂದು ಬಾರಿಸಿದರು.

"ಬೋಳಿಸ್ತೀನಿ," ಅಂದ ಗರಿಕೆ.

ಮನೆಗೆ ಬಂದು ಹೇಳಿದಾಗ ಗೇಟಮ್ಮ ಒಲೆಯ ಮುಂದಿನಿಂದ ಏಳದೆಯೇ ನಕ್ಕಳು. "ಅಯ್ಯೋ ಪೆದ್ದೇ, ಅಳ್ತಾ ಇದೀಯಲ್ಲ, ನಗು! ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂದಿದಾನಲ್ಲ ಆ ಮಹಾರಾಯ? ಅಲ್ಲಿ ಕಲ್ಲಿದೆಯಾ ಅಂತ ಕೇಳಿದ್ನಾ?"

"ಇಲ್ಲ."

"ಮತ್ತೆ? ನೀಟಾಗಿ ಬೋಳಿಸು. ಬುಡಸಮೇತ. ಆ ಯಂತ್ರಗಳು ಬರಲಿ, ಹಲ್ಲು ಮುರ್ಕೊಂಡು ಹೋಗಲಿ. ಒಂದೇ ಮಾತು ನೆನಪಿಟ್ಕೋ, ನೀನು ಬಾಯಿ ಬಿಟ್ಟ ದಿನ ನಾವು ಮನೆ ಬಿಡಬೇಕು."

ಆ ಮನೆ ಅಂದರೆ ಅವಳಿಗೆ ಪ್ರಾಣ. ಒಳಕೋಣೆಯ ನೆಲವನ್ನು ಅವಳೇ ಕಲ್ಲು ಆರಿಸಿ ಹಾಸಿದ್ದಳು. ಕಿಟಕಿಯ ಮುರಿದ ಗಾಜಿನ ಜಾಗಕ್ಕೆ ತಗಡು ಬಡಿದಿದ್ದಳು. ಬೇರೆ ಯಾವ ಊರಿನಲ್ಲೂ ಅವರಿಗೆ ಒಂದು ಚಾವಣಿ ಇರಲಿಲ್ಲ, ಇಬ್ಬರಿಗೂ ಅರುವತ್ತು ದಾಟಿತ್ತು. ಗರಿಕೆ ಹೋಗಿ ನಲವತ್ತೆರಡು ಜುಟ್ಟನ್ನೂ ಕತ್ತರಿಸಿದ. ತಿಂಗಳು ಕಳೆಯುವಷ್ಟರಲ್ಲಿ ಹುಲ್ಲು ಮೇಲೆದ್ದು ಇಳಿಜಾರೆಲ್ಲ ಒಂದೇ ಹಸಿರಾಯಿತು.

ಮೊದಲನೆಯ ಗುರುವಾರ ಟೈ ಕಟ್ಟಿಕೊಂಡವನೊಬ್ಬ ಕೂತು ಓಡಿಸುವ ಕೆಂಪು ಯಂತ್ರ ತಂದ. ಸಾಹೇಬರು ಜಗಲಿಯಲ್ಲಿ ಎತ್ತರದ ಕುರ್ಚಿ ಹಾಕಿಸಿ, ಪಕ್ಕದಲ್ಲಿ ಗಂಟೆ ಇಟ್ಟುಕೊಂಡು ಕೂತರು. ಗರಿಕೆ ಸಾಕ್ಷಿಯ ಜಾಗದಲ್ಲಿ, ಅಂದರೆ ಕಂಬದ ಪಕ್ಕದಲ್ಲಿ, ನಿಂತ.

"ಈ ಯಂತ್ರ ಹುಲ್ಲು ಕೊಯ್ಯುತ್ತಾ? ಹೌದೋ ಇಲ್ಲವೋ?"

"ಹೌದು ಸಾಹೇಬ್ರೇ," ಅಂದ ಗರಿಕೆ. ಸುಳ್ಳೇನಲ್ಲವಲ್ಲ.

ಕೆಂಪು ಯಂತ್ರ ಹದಿನೈದು ಮಾರು ಹೋಯಿತು. ಆಮೇಲೆ ಅದರ ಹೊಟ್ಟೆಯೊಳಗೆ ಢಣಾರ್ ಎಂದಿತು, ಹೊಗೆ ಬಂತು, ನಿಂತಿತು. ಟೈಯವನು ಇಳಿದು ಅಡಿಗೆ ಬಗ್ಗಿ ನೋಡಿ ಬೆವರು ಒರೆಸಿಕೊಂಡ. "ಕಲ್ಲು ಬಂತು ಸಾರ್" ಅನ್ನುವಷ್ಟರಲ್ಲಿ ಗಂಟೆ ಬಾರಿಸಿತು. "ನೆಪ ಹೇಳಬೇಡಿ. ಅರ್ಜಿ ವಜಾ!" ಸಾಹೇಬರಿಗೆ ಎಷ್ಟು ಖುಷಿಯೆಂದರೆ, ಇನ್ನೂ ಎರಡು ವಜಾ ಬಾಕಿ ಇವೆಯಲ್ಲ ಎಂಬ ಸಂತೋಷದಲ್ಲಿ ಮಧ್ಯಾಹ್ನ ಒಂದು ತುತ್ತು ಹೆಚ್ಚಿಗೆ ಉಂಡರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

ಎರಡನೆಯ ಗುರುವಾರದವನದು ನಿಂತಲ್ಲೇ ಬುಗುರಿಯ ಹಾಗೆ ತಿರುಗುವ ಹಳದಿ ಯಂತ್ರ. ಬಾಯಿ ತುಂಬ ಮಾತಾಡುವ ದಪ್ಪ ಮನುಷ್ಯ. ಇಳಿಜಾರಿನ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಚಕ್ರ ಹತ್ತಿ ಯಂತ್ರ ಓರೆಯಾಯಿತು, ಅವನು ಮೂಟೆಯಂತೆ ಕೆಳಗೆ ಉರುಳಿದ. ಮಣಿಕಟ್ಟು ಮುರಿಯಿತು. ನೋವಿಗೆ ಅವನು ಅಮ್ಮಾ ಎಂದು ಕೂಗುತ್ತಿದ್ದರೆ ಜಗಲಿಯ ಮೇಲಿಂದ ಗಂಟೆ ಕೇಳಿಸಿತು. ಗರಿಕೆ ಓಡಿಹೋಗಿ ಎತ್ತಿದ, ಪಟ್ಟಿ ಕಟ್ಟಿದ, ನೀರು ಕುಡಿಸಿದ. ಮುಚ್ಚುಮರೆ ಯಾಕೆ, ಅವನ ಮನಸ್ಸಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆ ಮುರಿದ ಕೈಯನ್ನು ಹಿಡಿದುಕೊಂಡೇ ಅವನು, ಇನ್ನೊಂದು, ಇನ್ನೊಂದೇ ಒಂದು, ಎಂದು ಲೆಕ್ಕ ಹಾಕಿದ.

ಮೂರನೆಯ ಕಂಪನಿಯವರು ಗುರುವಾರ ಬರಬೇಕಿತ್ತು. ಬುಧವಾರವೇ ಬಂದರು.

ಬಂದದ್ದು ಒಬ್ಬಳೇ ಹೆಂಗಸು, ಮೂವತ್ತು ಮೂವತ್ತೆರಡರವಳು, ಕ್ಯಾನ್‌ವಾಸ್ ಬೂಟು, ಭುಜಕ್ಕೊಂದು ಚೀಲ. ಸಾಹೇಬರು ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ಗೇಟಮ್ಮ ಗೇಟು ತೆಗೆದು, ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಕಂಪನಿಯವಳು ಯಂತ್ರ ತಂದಿರಲಿಲ್ಲ. ಒಂದು ಹಲಗೆ, ಅದರ ಮೇಲೆ ಅರ್ಧ ನೀರು ತುಂಬಿದ ಬಾಟಲಿ ಮಲಗಿಸಿ, ಇಳಿಜಾರು ಎಷ್ಟು ಕಡಿದು ಅಂತ ಅಲ್ಲಲ್ಲಿ ಅಳೆಯುತ್ತ ಹೋದಳು. ಅಳೆದಾದ ಮೇಲೆ, ಅಲಗು ಮಸೆಯುತ್ತ ಕೂತಿದ್ದ ಗರಿಕೆಯ ಪಕ್ಕ ನೆಲದ ಮೇಲೇ ಕೂತಳು.

"ಅಣ್ಣ, ಎಷ್ಟು ಚೆನ್ನಾಗಿ ಮಸೀತೀರಾ. ನಮ್ಮಪ್ಪನೂ ಇದನ್ನೇ ಹಿಡ್ಕೊಂಡು ಕೊಯ್ತಿದ್ದರು. ಒಂದ್ಸಲ ಕೊಡ್ತೀರಾ?"

ಕೊಟ್ಟ. ಅವಳು ಬೀಸಿದಳು, ತುದಿ ನೆಲಕ್ಕೆ ಚುಚ್ಚಿತು.

"ತೋಳಲ್ಲಮ್ಮ, ಸೊಂಟ ತಿರುಗಬೇಕು. ಅಲಗಿನ ಹಿಮ್ಮಡಿ ನೆಲ ಬಿಡಬಾರದು," ಅಂದ ಗರಿಕೆ. ಎದ್ದು ತೋರಿಸಿದ. ಅವಳು ಮತ್ತೆ ಬೀಸಿದಾಗ ಹುಲ್ಲು ಸರಿಯಾಗಿ ಮಲಗಿತು. ಇಬ್ಬರೂ ನಕ್ಕರು.

"ನೀವು ಇಷ್ಟು ವರ್ಷ ಈ ನೆಲ ನೋಡಿದೀರಾ. ಇಲ್ಲಿಗೆ ಎಂಥ ಯಂತ್ರ ಸರಿಹೋಗುತ್ತೆ? ನಿಮಗೇನನ್ಸುತ್ತೆ, ಹೇಳಿ."

ನಿಮಗೇನನ್ಸುತ್ತೆ! ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಹೌದು ಇಲ್ಲಗಳಲ್ಲಿ ಕಟ್ಟಿಬಿದ್ದಿದ್ದ ಮಾತೆಲ್ಲ ಹೊರಗೆ ಬಂತು. ಕೆಳಗಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಭಾರದ ಚಕ್ರ ಹೂತುಹೋಗುತ್ತದೆ ಅಂದ. ಮಂಜು ಆರುವ ಮೊದಲು ಕೊಯ್ದರೆ ಯಂತ್ರದ ಬಾಯಿ ಕಟ್ಟುತ್ತದೆ ಅಂದ. ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಬರಬಾರದು, ಅಡ್ಡಡ್ಡ ಹೋಗಬೇಕು ಅಂದ. ಅವಳು ತಲೆಯಾಡಿಸುತ್ತ ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಳು ನೋಡಿ.

ಆಮೇಲೆ ಹುಲ್ಲನ್ನು ಬುಡಕ್ಕೆ ಬಗ್ಗಿಸಿ ಕೇಳಿದಳು: "ಇಲ್ಲಿ ಮಾತ್ರ ಬುಡದಲ್ಲಿ ದಪ್ಪ ಒಣಕಡ್ಡಿ ಇದೆಯಲ್ಲ ಅಣ್ಣ? ಬೇರೆ ಕಡೆ ಇಲ್ಲ. ವರ್ಷಗಟ್ಟಲೆ ಕೊಯ್ಯದೆ ಬಿಟ್ಟಿದ್ದರಾ?"

ಗರಿಕೆ ಹಿತ್ತಲಿನ ಕಡೆ ತಿರುಗಿ ನೋಡಿದ. ಹಿತ್ತಲಿನಿಂದ ಗೇಟಮ್ಮ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು.

"ಹೇಳಬಾರದ ವಿಷಯ ಆದ್ರೆ ಬೇಡ ಬಿಡಿ," ಅಂದಳು ಅವಳು ಮೆತ್ತಗೆ. "ಮೊನ್ನೆ ಬಿದ್ದರಲ್ಲ, ಅವರಿಗೆ ಎರಡು ಚಿಕ್ಕ ಮಕ್ಕಳು. ಅದಕ್ಕೇ ಕೇಳಿದೆ. ಯಾವ ಯಂತ್ರ ಬಂದರೂ ನಿಮ್ಮಂಥ ತಿಳಿದವರು ಜೊತೆಗೆ ಬೇಕೇ ಬೇಕು."

ಬೇಕೇ ಬೇಕು! ಆ ಮಾತು ಅವನ ಕಿವಿಯಲ್ಲಿ ಬೇರೆಯೇ ಆಗಿ ಇಳಿಯಿತು. ಯಂತ್ರ ಬಂದರೂ ಓಡಿಸುವವನು ತಾನೇ, ಕೆಲಸವೂ ಉಂಟು, ಮನೆಯೂ ಉಂಟು, ಈ ವಯಸ್ಸಿನಲ್ಲಿ ಕೂತು ಮಾಡುವ ಕೆಲಸ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಗರಿಕೆ ಎದ್ದ. "ಬಾರಮ್ಮ, ತೋರಿಸ್ತೀನಿ," ಅಂದ.

ಜುಟ್ಟಿಲ್ಲದಿದ್ದರೇನು, ಎಣಿಸಲಿಲ್ಲ, ಹುಡುಕಲಿಲ್ಲ. ನೇರ ಹೋಗಿ "ಇಲ್ಲೊಂದು" ಎನ್ನುವುದು, ಅವಳು ಚೀಲದಿಂದ ಕೇಸರಿ ಬಟ್ಟೆಯ ತಂತಿಬಾವುಟ ತೆಗೆದು ಅಲ್ಲಿ ಚುಚ್ಚುವುದು. ಎರಡು ಗಂಟೆ ಕಾಲ ಅವನು ತನ್ನ ಬದುಕಿನ ದೊಡ್ಡಸ್ತಿಕೆಯನ್ನೆಲ್ಲ ಒಂದೊಂದಾಗಿ ಅವಳಿಗೆ ತೋರಿಸಿದ. ನಲವತ್ತೊಂದು ಆದಾಗ ದೊಡ್ಡ ಮನೆಯ ಮುಂದಿನ ಇಳಿಜಾರು ತಲುಪಿದ್ದರು. ಉಳಿದದ್ದು ಒಂದೇ, ಎಲ್ಲಕ್ಕಿಂತ ದೊಡ್ಡದು, ಸರಿಯಾಗಿ ಇಳಿಜಾರಿನ ನಡುವಿನದು. ಅಷ್ಟರಲ್ಲಿ ಹಿತ್ತಲಿನ ಬಡಿತ ನಿಂತಿತು. ಗರಿಕೆಗೆ ಹೆಂಡತಿಯ ಮುಖ ನೆನಪಾಯಿತು.

"ಇಷ್ಟೇನಾ ಅಣ್ಣ?"

"ಇಷ್ಟೇ ಕಣಮ್ಮ."

ಅವಳು ಅವನ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಇಬ್ಬರೂ ಇಳಿಜಾರು ಇಳಿದು ಗೇಟಿನವರೆಗೆ ಬಂದರು. ಚೀಲ ಮರೆತೆ ಅಂದಳು, ಅವನೇ ಹತ್ತಿಹೋಗಿ ತಂದುಕೊಟ್ಟ.

ಗೇಟಮ್ಮನಿಗೆ ಹೇಳಿದಾಗ ಅವಳು ಕೂಗಾಡಲಿಲ್ಲ. ಅವನಿಗೆ ಅದೇ ಭಯ. ಒದ್ದೆ ಕೈಯನ್ನು ಒರೆಸಿಕೊಂಡು, "ಜನ ತಮ್ಮ ಕಾಲ ಮೇಲೆ ಒಂದು ಕಲ್ಲು ಎತ್ತಿ ಹಾಕ್ಕೊಳ್ತಾರೆ," ಅಂದಳು. "ನೀನು ನಲವತ್ತೊಂದು ಹಾಕ್ಕೊಂಡೆ."

"ಒಂದು ಉಳಿಸ್ಕೊಂಡಿದೀನಿ ಕಣೇ. ಇಳಿಜಾರಿನ ನಡುವಿಂದು. ಒಂದೇ ಸಾಕು."

"ಯಾಕೆ ಹೇಳಿದೆ?"

"ಕೇಳಿದಳು," ಅಂದ ಗರಿಕೆ.

ಗುರುವಾರ ಬೆಳಿಗ್ಗೆ ಲಾರಿಯಿಂದ ಯಂತ್ರ ಇಳಿಯಿತು. ಮೊಣಕಾಲೆತ್ತರ, ಚಪ್ಪಟೆ, ಚಕ್ರದ ಬದಲು ಎರಡೂ ಕಡೆ ರಬ್ಬರಿನ ಪಟ್ಟಿ. ಗರಿಕೆ ಅದರ ಸುತ್ತ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ.

"ಕೂರೋದು ಎಲ್ಲಮ್ಮ?"

"ಕೂರೋದಿಲ್ಲ ಅಣ್ಣ," ಅಂದಳು ಕಂಪನಿಯವಳು ನಗುತ್ತ, ಒಂದು ಪೆಟ್ಟಿಗೆಯನ್ನು ಸಾಹೇಬರ ಕೈಗೆ ಕೊಟ್ಟು. "ಸಾರ್ ಜಗಲಿಯಲ್ಲೇ ಕೂತು ಓಡಿಸಬಹುದು. ಆಳೇ ಬೇಡ. ಇಳಿಜಾರಲ್ಲಿ ಮನುಷ್ಯ ಬೀಳೋ ಭಯ ಇಲ್ಲ."

ಸಾಹೇಬರು ಹೆಬ್ಬೆರಳಿನಿಂದ ಪೆಟ್ಟಿಗೆಯ ಮೇಲಿನ ಕಡ್ಡಿ ಒತ್ತಿದರು. ಯಂತ್ರ ಗುರ್ ಎಂದು ಹೊರಟಿತು. ಎಪ್ಪತ್ತು ವರ್ಷದ ಮುಖದ ಮೇಲೆ ಏಳು ವರ್ಷದ ನಗು. ಅಡ್ಡಡ್ಡ ಹೋಗಿ ಎಂದು ಅವಳು ಹೇಳಿದಳು, ಗರಿಕೆಯದೇ ಮಾತು. ಮಂಜು ಆರಿದೆ ಎಂದಳು, ಅದೂ ಅವನದೇ. ಬಾವುಟ ಬಂದಲ್ಲಿ ಯಂತ್ರ ಬಳಸಿ ಹೋಯಿತು. ಕಂಬದ ಪಕ್ಕ ನಿಂತ ಗರಿಕೆ ಇಳಿಜಾರಿನ ನಡುವನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಒಂದು ಸಾಲು ಆಯಿತು, ಎರಡಾಯಿತು, ಇನ್ನು ಮುಂದಿನದರಲ್ಲಿ ಢಣಾರ್ ಅನ್ನಬೇಕು. ದೇವರೇ, ಒಡೆದುಹಾಕು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

ಯಂತ್ರ ಅಲ್ಲಿಗೆ ಬಂತು. "ಸ್ವಲ್ಪ ಬಲಕ್ಕೆ ಸಾರ್," ಅಂದಳು ಕಂಪನಿಯವಳು. ಮೆಲ್ಲಗೆ ಬಳಸಿತು. ಮುಂದೆ ಹೋಯಿತು. ಕೊಯ್ದ ಹುಲ್ಲು ಮಲಗಿದ ಮೇಲೆ ಆ ಜಾಗದಲ್ಲಿ ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಕೇಸರಿ ಬಾವುಟವೊಂದು ಕಾಣಿಸಿತು.

"ಅದೊಂದು ನೀವು ಮರೆತಿದ್ರಿ ಅಣ್ಣ," ಅಂದಳು ಅವಳು ಪಿಸುದನಿಯಲ್ಲಿ, ಎಷ್ಟು ಪ್ರೀತಿಯಿಂದ ಗೊತ್ತೇ. "ನಿನ್ನೆ ಇಳಿಯುವಾಗ ಅಲ್ಲಿ ಸುತ್ತು ಹಾಕಿ ನಡೆದ್ರಿ. ಅದಕ್ಕೇ ಚೀಲ ಬಿಟ್ಟು ಬಂದು ನಿಮ್ಮನ್ನ ಕಳಿಸಿದೆ. ಹತ್ತುವಾಗಲೂ ಅಲ್ಲೇ ಸುತ್ತು, ಬರುವಾಗಲೂ ಅಲ್ಲೇ ಸುತ್ತು. ಸಂಜೆ ಸಾರ್ ಬಂದ ಮೇಲೆ ಹೋಗಿ ನೋಡಿದ್ರೆ ಇಷ್ಟು ದೊಡ್ಡ ಕಲ್ಲು! ಬಾಯಿ ಮರೆತರೂ ಕಾಲು ಮರೆಯೋಲ್ಲ ಅಲ್ವಾ?"

ಆಮೇಲೆ ಸಾಹೇಬರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಸಾರ್, ಎಲ್ಲ ಕಲ್ಲೂ ತೋರಿಸಿದ್ದು ಇವರೇ. ಈ ಮಾರಾಟದ ಪುಣ್ಯವೆಲ್ಲ ಇವರದು."

ಸಾಹೇಬರ ಹೆಬ್ಬೆರಳು ನಿಂತಿತು. ಯಂತ್ರವೂ ನಿಂತಿತು.

"ಕಲ್ಲಿರೋದು ನಿನಗೆ ಮೊದಲಿಂದ ಗೊತ್ತಿತ್ತಾ? ಹೌದೋ ಇಲ್ಲವೋ?"

"ಹೌದು."

"ಆ ಟೈಯವನ ಯಂತ್ರ ಒಡೆದಾಗ?"

"ಹೌದು."

"ಇನ್ನೊಬ್ಬ ಕೈ ಮುರ್ಕೊಂಡಾಗ?"

"ಹೌದು. ಆದ್ರೆ ಜುಟ್ಟು ಬೋಳಿಸು ಅಂದವರು ನೀವೇ, ನಾನು ಹೇಳೋಕೆ ಬಂದ್ರೆ..."

ಗಂಟೆ ಬಾರಿಸಿತು.

"ತಪ್ಪೊಪ್ಪಿಗೆ ಆಯ್ತು," ಅಂದರು ಸಾಹೇಬರು ಕುರ್ಚಿಯ ಬೆನ್ನಿಗೆ ಒರಗಿ. ಅಷ್ಟು ತೃಪ್ತಿ ಅವರಿಗೆ ನಿವೃತ್ತಿಯ ನಂತರ ಸಿಕ್ಕಿರಲಿಲ್ಲ. "ಪೋಲೀಸಿಗೆ ಕೊಡೋಲ್ಲ, ವಯಸ್ಸಾಗಿದೆ. ಆ ನಲವತ್ತೆರಡು ಕಲ್ಲನ್ನೂ ನೀನೇ ಅಗೆದು ತೆಗೆದು ಗುಂಡಿ ಮುಚ್ಚಿ ನೆಲ ಸಮ ಮಾಡು. ಕೊನೇ ಕಲ್ಲು ತೆಗೆದ ದಿನ ಮನೆ ಖಾಲಿ. ಅಲ್ಲೀವರೆಗೆ ಇರು. ನಾನೇನು ಕಟುಕನಲ್ಲ."

ಕಂಪನಿಯವಳು ಹೊರಡುವಾಗ ಕಂಪನಿಯ ಹೆಸರಿದ್ದ ಟೋಪಿಯೊಂದನ್ನು ಗರಿಕೆಯ ತಲೆಗಿಟ್ಟಳು. "ಬೇಜಾರು ಮಾಡ್ಕೋಬೇಡಿ. ನಮ್ಮಪ್ಪನ ಕೈಯಿಂದ ಕುಡುಗೋಲು ಬಿಡಿಸಿದ್ದೂ ನಾನೇ. ಈಗ ಮನೇಲಿ ಆರಾಮಾಗಿ ಕೂತಿರ್ತಾರೆ, ಯಾರ ಹತ್ರಾನೂ ಮಾತೇ ಆಡೋಲ್ಲ." ಅವಳ ಕಣ್ಣಿನಲ್ಲಿ ನೀರಿತ್ತು. ನಿಜವಾದ ನೀರೇ.

ಮೊದಮೊದಲು ಗೇಟಮ್ಮ, "ಒಂದೊಂದು ಕಲ್ಲಿಗೆ ಒಂದೊಂದು ತಿಂಗಳು ಮಾಡು," ಅಂದಳು. ಆದರೆ ಜಗಲಿಯಲ್ಲಿ ಸಾಹೇಬರು ಕೂತಿರುತ್ತಿದ್ದರು. ಅವನು ಬೆನ್ನು ನೆಟ್ಟಗೆ ಮಾಡಿದರೆ ಗಂಟೆ. ನೀರು ಕುಡಿಯಲು ಹೋದರೆ ಗಂಟೆ. ಕಲ್ಲು ತೆಗೆದ ಕಡೆಯಲ್ಲೆಲ್ಲ ಮರುದಿನವೇ ಯಂತ್ರ ಓಡಿಸಿ ನೋಡುತ್ತಿದ್ದರು. ಗರಿಕೆ ತಾನು ಇರುವ ದಿನಗಳನ್ನು ತಾನೇ ಸನಿಕೆಯಿಂದ ಎತ್ತಿ ಎತ್ತಿ ಹೊರಗೆ ಹಾಕಿದ. ಇಪ್ಪತ್ತೊಂಬತ್ತನೆಯ ದಿನ ಇಳಿಜಾರಿನ ನಡುವಿನ ದೊಡ್ಡ ಕಲ್ಲು ಕೂಡ ಮೇಲೆ ಬಂತು. ಗುಂಡಿಗೆ ಮಣ್ಣು ತುಂಬಿ, ತುಳಿದು, ಹಲಗೆ ಎಳೆದು ಮಟ್ಟ ಮಾಡಿದ. ಅಲ್ಲೊಂದು ಕಲ್ಲಿತ್ತು ಅಂತ ಯಾರೂ ಹೇಳುವಂತಿರಲಿಲ್ಲ.

ಕೆಳಗೆ ಗೇಟಿನ ಮನೆಯ ಮುಂಗೋಡೆಯನ್ನು ಇಬ್ಬರು ಗಾರೆಯವರು ಆಗಲೇ ಒಡೆಯುತ್ತಿದ್ದರು. ಬಾಗಿಲು ಯಂತ್ರಕ್ಕೆ ಒಂದು ಗೇಣು ಸಾಲದಾಗಿತ್ತು. ಗೇಟಮ್ಮ ಎರಡು ಗಂಟು ಇಟ್ಟುಕೊಂಡು ರಸ್ತೆಯಲ್ಲಿ ನಿಂತಿದ್ದಳು. ಹಾಸಿದ ನೆಲವನ್ನು ಗಂಟು ಕಟ್ಟಲು ಬರುವುದಿಲ್ಲವಲ್ಲ.

ಗರಿಕೆ ಸನಿಕೆಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಇಳಿಜಾರು ಇಳಿಯತೊಡಗಿದ. ನಡುವಿಗೆ ಬಂದಾಗ ಅವನ ಕಾಲುಗಳು ಬಲಕ್ಕೆ ಹೊರಳಿ, ಅರ್ಧ ಸುತ್ತು ಹಾಕಿ, ಮತ್ತೆ ದಾರಿಗೆ ಬಂದವು.

ಜಗಲಿಯ ಮೇಲೆ ಸಾಹೇಬರು ತೊಡೆ ತಟ್ಟಿ ನಕ್ಕರು. "ನೋಡು ನೋಡು, ಇನ್ನೂ ಸುತ್ತು ಹಾಕ್ತಾನೆ! ಏಯ್, ವಾಪಸು ಬಾ. ಸೀದಾ ನಡಿ!"

ಗಂಟೆ ಬಾರಿಸಿತು. ಗರಿಕೆ ತಿರುಗಿ ನಾಲ್ಕು ಹೆಜ್ಜೆ ಹತ್ತಿದ. ನಿಂತ. ಬರಿಯ ಮಟ್ಟಸ ಮಣ್ಣು, ತಾನೇ ತುಳಿದದ್ದು. ಕೆಳಕ್ಕೆ ಸೀದಾ ಕಾಲಿಟ್ಟ. ಕಾಲುಗಳು ಎಲ್ಲಿಗೆ ಹೋಗಬೇಕೋ ತಿಳಿಯದೆ ಒಂದಕ್ಕೊಂದು ತೊಡರಿದವು, ಅವನು ಮುಖ ಅಡಿಯಾಗಿ ಬಿದ್ದ. ಕಂಪನಿಯ ಟೋಪಿ ಉರುಳಿಕೊಂಡು ಇಳಿಜಾರಿನಲ್ಲಿ ಅವನಿಗಿಂತ ಮುಂದೆ ಗೇಟಿನ ಕಡೆ ಹೋಯಿತು.

"ಕಲ್ಲು ಎಡವಿದೆಯಾ?" ಕೂಗಿದರು ಸಾಹೇಬರು. "ಹೌದೋ ಇಲ್ಲವೋ?"

ಗರಿಕೆ ಬಾಯಿಯೊಳಗಿನ ಮಣ್ಣನ್ನು ಉಗಿದ.

"ಇಲ್ಲ," ಅಂದ.